ಚುಕ್ಕೆಗೊಂದು ಸಂಖ್ಯೆ, ಬೆರಳಿಗೊಂದು ಅಕ್ಷರ

ಪರೀಕ್ಷೆಗೆ ಇನ್ನು ಹದಿನೈದೇ ದಿನ ಉಳಿದಿದೆ ಎಂದಿಟ್ಟುಕೊಳ್ಳಿ. ಹತ್ತನೇ ತರಗತಿಯ ಮಕ್ಕಳಿಗೆಲ್ಲ ಶಾಲೆಯಿಂದ ಎರಡು ಕಡತಗಳು ಬಂದಿವೆ. ಒಂದು ಸಮಾಜ ವಿಜ್ಞಾನದ ಟಿಪ್ಪಣಿ, ಇನ್ನೊಂದು ಕನ್ನಡದ ಮಾದರಿ ಪ್ರಶ್ನೆಪತ್ರಿಕೆ. ತೆರೆದು ನೋಡಿದರೆ ಎರಡರಲ್ಲೂ ದುಂಡಗಿನ, ಅಚ್ಚುಕಟ್ಟಾದ ಕನ್ನಡ ಅಕ್ಷರಗಳೇ.

ಅದೇ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಅವಳ ಕಂಪ್ಯೂಟರಿಗೆ ಉದ್ದನೆಯ ಪಟ್ಟಿಯಂಥ ಒಂದು ಬ್ರೈಲ್ ಫಲಕ ಜೋಡಿಸಿದೆ. ಅದರಲ್ಲಿ ಸಾಲಾಗಿ ಪುಟ್ಟ ಮನೆಗಳು. ಒಂದೊಂದು ಮನೆಯಲ್ಲೂ ಗುಂಡುಸೂಜಿಯ ತಲೆಯಷ್ಟು ಸಣ್ಣ ಕಡ್ಡಿಗಳು. ತೆರೆಯ ಮೇಲೆ ಬರುವ ಸಾಲಿಗೆ ತಕ್ಕಂತೆ ಕೆಲವು ಕಡ್ಡಿಗಳು ಮೇಲೇಳುತ್ತವೆ, ಕೆಲವು ಕೆಳಗೇ ಉಳಿಯುತ್ತವೆ. ಬೆರಳು ಆಡಿಸುತ್ತ ಹೋದರೆ ಓದು ಸಾಗುತ್ತದೆ. ಟಿಪ್ಪಣಿಯನ್ನು ಅವಳು ಸಲೀಸಾಗಿ ಓದಿದಳು. ಪ್ರಶ್ನೆಪತ್ರಿಕೆ ತೆರೆದಾಗ ಮಾತ್ರ ಬೆರಳಿಗೆ ಸಿಕ್ಕಿದ್ದು ಕನ್ನಡವಲ್ಲ. ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ವಿಚಿತ್ರ ಚಿಹ್ನೆಗಳು!

ಕಣ್ಣಿಗೆ ಒಂದೇ ರೀತಿ ಕಂಡ ಎರಡು ಕಡತಗಳು ಬೆರಳಿಗೆ ಬೇರೆಬೇರೆ ಆದದ್ದು ಹೇಗೆ? ಕಂಪ್ಯೂಟರ್ ಹಾಳಾಗಿಲ್ಲ, ಫಲಕವೂ ಕೆಟ್ಟಿಲ್ಲ. ಉತ್ತರ ಇರುವುದು ಅಕ್ಷರಗಳಿಗೆ ಕಂಪ್ಯೂಟರಿನೊಳಗೆ ಕೊಡುವ ಸಂಖ್ಯೆಗಳಲ್ಲಿ. ಅದನ್ನು ತಿಳಿಯಬೇಕಾದರೆ ಮೊದಲು ಆರು ಚುಕ್ಕೆಗಳ ಲೆಕ್ಕ ತಿಳಿಯಬೇಕು.

ಹದಿನೈದರ ಹುಡುಗನ ಲಿಪಿ

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ನಗರದಿಂದ ಸ್ವಲ್ಪ ದೂರದ ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು, ಲಗಾಮು ಹೊಲಿಯುವ ಕಸುಬಿನವನು. ಮೂರು ವರ್ಷದ ಮಗು ತಂದೆಯ ಅಂಗಡಿಯಲ್ಲಿ ಚೂಪಾದ ಉಪಕರಣ ಹಿಡಿದು ಆಡುವಾಗ ಅದು ಕಣ್ಣಿಗೆ ಚುಚ್ಚಿತು. ಗಾಯದ ಸೋಂಕು ಇನ್ನೊಂದು ಕಣ್ಣಿಗೂ ಹರಡಿ ಎರಡೂ ಕಣ್ಣು ಹೋದವು. 1819ರಲ್ಲಿ, ಹತ್ತನೇ ವಯಸ್ಸಿಗೆ, ಅವನು ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ. ಅಲ್ಲಿದ್ದ ಪುಸ್ತಕಗಳಲ್ಲಿ ಸಾಮಾನ್ಯ ರೋಮನ್ ಅಕ್ಷರಗಳನ್ನೇ ದಪ್ಪಗೆ ಉಬ್ಬಿಸಿ ಅಚ್ಚು ಹಾಕಿದ್ದರು. ಪುಸ್ತಕಗಳು ಹೊರಲಾರದಷ್ಟು ಭಾರ, ಓದುವುದು ಆಮೆಯ ನಡಿಗೆ. ಬರೆಯುವುದಂತೂ ಆಗದ ಮಾತು.

ಆಗ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೈನ್ಯಾಧಿಕಾರಿ ಚುಕ್ಕೆಗಳ ಒಂದು ಬರಹವನ್ನು ರೂಪಿಸಿದ್ದ. ಅದರಲ್ಲಿ ಒಂದು ಮನೆಗೆ ಹನ್ನೆರಡು ಚುಕ್ಕೆ. ಅಷ್ಟು ಚುಕ್ಕೆಗಳು ಬೆರಳ ತುದಿಯ ಕೆಳಗೆ ಒಟ್ಟಿಗೆ ಹಿಡಿಸುತ್ತಿರಲಿಲ್ಲ. ಬಾಲಕ ಲೂಯಿ ಅದನ್ನು ಆರಕ್ಕೆ ಇಳಿಸಿದ. 1824ರ ಹೊತ್ತಿಗೆ, ಅವನಿಗೆ ಹದಿನೈದು ವರ್ಷವಾದಾಗ, ಲಿಪಿ ಬಹುಮಟ್ಟಿಗೆ ಸಿದ್ಧವಾಗಿತ್ತು. 1829ರಲ್ಲಿ ಅದು ಪುಸ್ತಕ ರೂಪದಲ್ಲಿ ಪ್ರಕಟವಾಯಿತು. 1852ರಲ್ಲಿ ಬ್ರೈಲ್ ತೀರಿಕೊಂಡ. ಫ್ರಾನ್ಸ್ ದೇಶ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಅದಾಗಿ ಎರಡು ವರ್ಷದ ಮೇಲೆ!

ಆ ಮನೆಯ ರಚನೆ ಸರಳ. ಎಡಗಡೆ ಮೇಲಿಂದ ಕೆಳಕ್ಕೆ 1, 2, 3ನೇ ಚುಕ್ಕೆಗಳು. ಬಲಗಡೆ 4, 5, 6. ಪ್ರತಿಯೊಂದು ಚುಕ್ಕೆಗೂ ಎರಡೇ ಸ್ಥಿತಿ: ಉಬ್ಬಿರಬಹುದು, ಇಲ್ಲವೇ ಉಬ್ಬದಿರಬಹುದು. ಎರಡನ್ನು ಆರು ಸಲ ಗುಣಿಸಿದರೆ 64. ಏನೂ ಉಬ್ಬದ ಖಾಲಿ ಮನೆಯನ್ನು ಬಿಟ್ಟರೆ 63 ರೂಪಗಳು. ಇಷ್ಟರಲ್ಲೇ ಜಗತ್ತಿನ ಎಲ್ಲ ಭಾಷೆ, ಲೆಕ್ಕ, ಸಂಗೀತ ಹಿಡಿಸಬೇಕು.

ಒಂದೇ ಮನೆ, ಹಲವು ಒಕ್ಕಲು

ಹಿಡಿಸುವುದು ಹೇಗೆ? ಒಂದೇ ರೂಪಕ್ಕೆ ಹಲವು ಅರ್ಥ ಕೊಟ್ಟು. 1, 4, 5 ಈ ಮೂರು ಚುಕ್ಕೆಗಳ ಮನೆಯನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಪುಸ್ತಕದಲ್ಲಿ ಅದು ‘ಡಿ’ ಅಕ್ಷರ. ಕನ್ನಡ ಪುಸ್ತಕದಲ್ಲಿ ‘ದ’. ಅದರ ಹಿಂದೆ ಅಂಕಿಸೂಚಕ ಚಿಹ್ನೆ ಇದ್ದರೆ ಅದು 4 ಎಂಬ ಅಂಕಿ. ಪಾಶ್ಚಾತ್ಯ ಸಂಗೀತದ ಬ್ರೈಲ್ ಸ್ವರಲಿಪಿಯಲ್ಲಿ ಅದೇ ಮನೆ ‘ಸಿ’ ಎಂಬ ಸ್ವರ. ಅಂಕಿಸೂಚಕ ಚಿಹ್ನೆಯ ಕಥೆಯೂ ಹಾಗೆಯೇ. 3, 4, 5, 6 ಚುಕ್ಕೆಗಳ ಆ ಮನೆ ಕನ್ನಡದಲ್ಲಿ ‘ಣ’ ಕೂಡ ಹೌದು. ಕನ್ನಡದ ಮಾತುಗಳು ‘ಣ’ದಿಂದ ಆರಂಭವಾಗುವುದಿಲ್ಲವಾದ್ದರಿಂದ ಓದುವವರಿಗೆ ಗೊಂದಲವಾಗುವ ಸಂಭವ ಕಡಿಮೆ.

ಭಾರತದಲ್ಲಿ ಒಂದು ಕಾಲಕ್ಕೆ ಬೇರೆಬೇರೆ ಪ್ರಾಂತ್ಯಗಳಲ್ಲಿ ಬೇರೆಬೇರೆ ಬ್ರೈಲ್ ಪದ್ಧತಿಗಳು ಬಳಕೆಯಲ್ಲಿದ್ದವು. ಯುನೆಸ್ಕೋ ಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಚರ್ಚೆಗಳು ನಡೆದು 1951ರಲ್ಲಿ ‘ಭಾರತಿ ಬ್ರೈಲ್’ ಎಂಬ ಸಮಾನ ಪದ್ಧತಿ ಜಾರಿಗೆ ಬಂತು. ಅದರ ತತ್ವ, ಒಂದು ಧ್ವನಿಗೆ ಎಲ್ಲ ಭಾಷೆಗಳಲ್ಲೂ ಒಂದೇ ರೂಪ. ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರೂ 1 ಮತ್ತು 3ನೇ ಚುಕ್ಕೆಗಳು. ಇಂಗ್ಲಿಷಿನ ‘ಕೆ’ ಕೂಡ ಅದೇ. ಇಂಗ್ಲಿಷಿನಲ್ಲಿ ಜೋಡಿ ಇಲ್ಲದ ‘ಖ’ದಂಥ ಅಕ್ಷರಗಳಿಗೆ ಉಳಿದ ಮನೆಗಳನ್ನು ಹಂಚಿದರು. ‘ಖ’ಕ್ಕೆ 4 ಮತ್ತು 6ನೇ ಚುಕ್ಕೆಗಳು ಸಿಕ್ಕವು. ಕಾಗದದ ಮೇಲೆ ಕನ್ನಡ, ಹಿಂದಿ, ತಮಿಳು ಲಿಪಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ಬೆರಳಿಗೆ ಅವು ಅಕ್ಕತಂಗಿಯರು.

ಸಾಲ ಪಡೆದ ಅಕ್ಷರಗಳು

ಕಂಪ್ಯೂಟರ್ ಬಂದಾಗ ಹೊಸ ಪ್ರಶ್ನೆ ಎದ್ದಿತು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಎಂದು ಮೊದಲೇ ಒಪ್ಪಂದವಾಗಿರಬೇಕು. ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಎಂಬ ಒಪ್ಪಂದದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಜಾಗವಿತ್ತು. ಬ್ರೈಲ್ ಚುಕ್ಕೆಗಳಿಗೆ ಇರಲಿಲ್ಲ.

ಆಗ ಒಂದು ಜಾಣ ಉಪಾಯ ಹೊಳೆಯಿತು. ಆಸ್ಕಿಯಲ್ಲಿ ಅಚ್ಚಾಗುವ 95 ಚಿಹ್ನೆಗಳಿವೆ. ಬ್ರೈಲಿಗೆ ಬೇಕಾದದ್ದು 64. ಆದ್ದರಿಂದ 64 ಚಿಹ್ನೆಗಳನ್ನು ಆರಿಸಿ ಒಂದೊಂದನ್ನೂ ಒಂದೊಂದು ಬ್ರೈಲ್ ಮನೆಗೆ ಸಂಕೇತವಾಗಿ ನಿಲ್ಲಿಸಿದರು. ಇದೇ ‘ಬ್ರೈಲ್ ಆಸ್ಕಿ’. ಕಾಗದದ ಮೇಲೆ ಚುಕ್ಕೆ ಒತ್ತುವ ಯಂತ್ರಗಳಿಗೆ ಇಂದಿಗೂ ಈ ಬಗೆಯ ಕಡತಗಳನ್ನು ಕೊಡುವುದುಂಟು.

ಈ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದ ಹೇಗಿರುತ್ತದೆ ಗೊತ್ತೆ? ಮೊದಲು ಇಂಗ್ಲಿಷಿನ ‘ಕೆ’, ನಂತರ ಇ-ಮೇಲ್ ವಿಳಾಸದಲ್ಲಿ ಬರುವ ‘ಅಟ್’ ಚಿಹ್ನೆ, ಆಮೇಲೆ ಎರಡು ‘ಎನ್’, ಕೊನೆಗೆ ಡಾಲರ್ ಚಿಹ್ನೆ! ಯಂತ್ರ ಅದನ್ನು ಸರಿಯಾದ ಚುಕ್ಕೆಗಳಾಗಿ ಒತ್ತುತ್ತದೆ. ಆದರೆ ವಿಷಯ ತಿಳಿಯದವರು ಆ ಕಡತ ತೆರೆದು ನೋಡಿದರೆ ಯಾರೋ ಮಗು ಕೀಲಿಮಣೆಯ ಮೇಲೆ ಆಡಿದೆ ಎಂದುಕೊಳ್ಳಬೇಕು. ಸಾಲದ ಅಕ್ಷರಗಳ ತೊಂದರೆಯೇ ಇದು. ಡಾಲರ್ ಚಿಹ್ನೆ ಕಂಡಾಗ ಅದು ನಿಜವಾಗಿ ಡಾಲರೋ ಅಥವಾ ‘ಡ’ ಅಕ್ಷರದ ಚುಕ್ಕೆಗಳೋ ಎಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು?

ಸ್ವಂತ ಮನೆ ಸಿಕ್ಕಿದ್ದು 1999ರಲ್ಲಿ

ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರತ್ಯೇಕ ಸಂಖ್ಯೆ ಕೊಡುವ ಯೋಜನೆಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡ ಆಗಲೇ ಅದರೊಳಗಿತ್ತು. ಬ್ರೈಲ್ ಚುಕ್ಕೆಗಳು ಸೇರಿದ್ದು 1999ರ ಮೂರನೇ ಆವೃತ್ತಿಯಲ್ಲಿ. ಅವಕ್ಕೆ 10240ರಿಂದ 10495ರವರೆಗೆ ಒಟ್ಟು 256 ಸಂಖ್ಯೆಗಳನ್ನು ಮೀಸಲಿಟ್ಟರು.

64 ಸಾಕಾಗಿರುವಾಗ 256 ಏಕೆ? ಬ್ರೈಲ್ ಫಲಕಗಳಲ್ಲಿ ಒಂದು ಮನೆಗೆ ಸಾಮಾನ್ಯವಾಗಿ ಆರಲ್ಲ, ಎಂಟು ಕಡ್ಡಿ. 3ನೇ ಚುಕ್ಕೆಯ ಕೆಳಗೆ 7ನೆಯದು, 6ರ ಕೆಳಗೆ 8ನೆಯದು. ಇಂಗ್ಲಿಷಿನ ದೊಡ್ಡ ಅಕ್ಷರ ತೋರಿಸಲು, ಬರೆಯುತ್ತಿರುವ ಜಾಗ ಯಾವುದೆಂದು ಸೂಚಿಸಲು ಈ ಹೆಚ್ಚಿನ ಚುಕ್ಕೆಗಳು ಬೇಕು. ಎರಡನ್ನು ಎಂಟು ಸಲ ಗುಣಿಸಿದರೆ 256. ಕಂಪ್ಯೂಟರಿನ ಒಂದು ‘ಬೈಟ್’ ಎಂದರೂ ಎಂಟು ‘ಬಿಟ್’ಗಳೇ, ಒಂದೊಂದು ಬಿಟ್ಟಿಗೂ ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿ. ಹಳ್ಳಿಯ ಹುಡುಗನೊಬ್ಬ 1824ರಲ್ಲಿ ಕಂಡುಕೊಂಡ ಉಬ್ಬು–ತಗ್ಗುಗಳ ಲೆಕ್ಕವೂ, ಇಂದಿನ ಯಂತ್ರದ ಒಳಗಿನ ಲೆಕ್ಕವೂ ಹೀಗೆ ಒಂದೇ ಜಾತಿಯವು.

ಸಂಖ್ಯೆ ಕೊಟ್ಟ ಕ್ರಮವನ್ನು ಮಕ್ಕಳು ಕಾಗದ ಪೆನ್ಸಿಲ್ ಹಿಡಿದು ತಾವೇ ಮಾಡಿ ನೋಡಬಹುದು. 1ನೇ ಚುಕ್ಕೆಯ ಬೆಲೆ 1, 2ನೆಯದರ ಬೆಲೆ 2, 3ಕ್ಕೆ 4, 4ಕ್ಕೆ 8, 5ಕ್ಕೆ 16, 6ಕ್ಕೆ 32, 7ಕ್ಕೆ 64, 8ಕ್ಕೆ 128. ಉಬ್ಬಿದ ಚುಕ್ಕೆಗಳ ಬೆಲೆಯನ್ನು ಕೂಡಿಸಿ, ಅದಕ್ಕೆ 10240 ಸೇರಿಸಿದರೆ ಆ ಮನೆಯ ಯೂನಿಕೋಡ್ ಸಂಖ್ಯೆ ಬಂತು! ‘ಕ’ ಎಂದರೆ 1 ಮತ್ತು 3ನೇ ಚುಕ್ಕೆ, 1 ಮತ್ತು 4 ಕೂಡಿದರೆ 5, ಆದ್ದರಿಂದ 10245. ‘ದ’ಕ್ಕೆ 1, 4, 5, ಅಂದರೆ 1, 8, 16 ಕೂಡಿ 25, ಸಂಖ್ಯೆ 10265. ಯಾವ ಚುಕ್ಕೆಯೂ ಇಲ್ಲದ ಖಾಲಿ ಮನೆ 10240. ಎಂಟೂ ಉಬ್ಬಿದ್ದು 10495. ಆರು ಚುಕ್ಕೆಗಳ 64 ರೂಪಗಳೂ ಮೊದಲ 64 ಸಂಖ್ಯೆಗಳಲ್ಲೇ ಒಟ್ಟಿಗೆ ಕೂರುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯೂನಿಕೋಡ್ ಪಟ್ಟಿಯಲ್ಲಿ 10265ರ ಮುಂದೆ ‘ಡಿ’ ಎಂದಾಗಲಿ ‘ದ’ ಎಂದಾಗಲಿ ಬರೆದಿಲ್ಲ. ‘ಬ್ರೈಲ್ ಪ್ಯಾಟರ್ನ್ ಡಾಟ್ಸ್-145’ ಎಂದಷ್ಟೇ ಇದೆ. ಸಂಖ್ಯೆ ಸಿಕ್ಕಿದ್ದು ಆಕಾರಕ್ಕೆ, ಅರ್ಥಕ್ಕಲ್ಲ. ಇದು ಮರೆವಿನಿಂದ ಆದದ್ದಲ್ಲ, ಯೋಚಿಸಿ ಮಾಡಿದ್ದು. ಅರ್ಥಕ್ಕೊಂದು ಸಂಖ್ಯೆ ಕೊಡಲು ಹೊರಟರೆ ಇಂಗ್ಲಿಷಿನ ‘ಡಿ’ಗೆ ಒಂದು, ಕನ್ನಡದ ‘ದ’ಕ್ಕೆ ಒಂದು, ಅಂಕಿಗೆ ಒಂದು, ಸ್ವರಕ್ಕೆ ಒಂದು ಎಂದು ಒಂದೇ ಆಕಾರ ನೂರಾರು ಕಡೆ ಹಂಚಿಹೋಗುತ್ತಿತ್ತು. ಈಗಿನ ಕ್ರಮದಲ್ಲಿ ಯಂತ್ರ ತಿಳಿಯಬೇಕಾದದ್ದು ಯಾವ ಕಡ್ಡಿ ಎತ್ತಬೇಕು ಎಂಬುದಷ್ಟೇ. ಅದರ ಅರ್ಥವೇನೆಂಬುದು ಓದುವವರಿಗೆ, ಓದುತ್ತಿರುವ ಭಾಷೆಯಿಂದಲೇ ತಿಳಿಯುತ್ತದೆ.

ನಡುವಿನ ದುಭಾಷಿ

ಹಾಗಾದರೆ ತೆರೆಯ ಮೇಲಿನ ‘ದ’ ಚುಕ್ಕೆಗಳ ‘ದ’ ಆಗುವುದು ಎಲ್ಲಿ? ಯೂನಿಕೋಡಿನಲ್ಲಿ ಕನ್ನಡದ ‘ದ’ಕ್ಕೆ 3238 ಎಂಬ ಸಂಖ್ಯೆ. ಅದನ್ನು 10265 ಆಗಿ ಬದಲಾಯಿಸುವ ದುಭಾಷಿಯೊಬ್ಬ ನಡುವೆ ಬೇಕು. ಅದೊಂದು ತಂತ್ರಾಂಶ. ಬ್ರೈಲನ ಹೆಸರನ್ನೇ ಹೊತ್ತ ‘ಲಿಬ್‌ಲೂಯಿ’ ಎಂಬ ಮುಕ್ತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಅದರಲ್ಲಿ ಹಲವಾರು ಭಾಷೆಗಳ ನಿಯಮಪಟ್ಟಿಗಳಿವೆ, ಕನ್ನಡದ್ದೂ ಇದೆ. ಅಂಧರು ಕಂಪ್ಯೂಟರ್ ಬಳಸಲು ನೆರವಾಗುವ, ಹಣ ಕೊಡದೆ ಪಡೆಯಬಹುದಾದ ‘ಎನ್‌ವಿಡಿಎ’ ತಂತ್ರಾಂಶ ಬ್ರೈಲಿಗಾಗಿ ಬಳಸುವುದೂ ಇದನ್ನೇ.

ದುಭಾಷಿಯ ಕೆಲಸ ಅಕ್ಷರಕ್ಕೆ ಅಕ್ಷರ ಬದಲಾಯಿಸಿದಷ್ಟು ಸುಲಭವಲ್ಲ. ‘ಕನ್ನಡ’ ಪದವನ್ನೇ ನೋಡಿ. ಯೂನಿಕೋಡಿನಲ್ಲಿ ಅದು ಐದು ಸಂಖ್ಯೆಗಳ ಸಾಲು: ಕ, ನ, ಹಲಂತ ಚಿಹ್ನೆ, ನ, ಡ. ಮೊದಲ ‘ನ’ದ ಸ್ವರವನ್ನು ಅದರ ನಂತರ ಬರುವ ಹಲಂತ ಚಿಹ್ನೆ ತೆಗೆದುಹಾಕುತ್ತದೆ, ಒತ್ತಕ್ಷರ ಮೂಡುತ್ತದೆ. ಭಾರತಿ ಬ್ರೈಲಿನಲ್ಲೂ ಐದೇ ಮನೆ. ಆದರೆ ಅಲ್ಲಿ ಹಲಂತ ಚಿಹ್ನೆ, ಅಂದರೆ 4ನೇ ಚುಕ್ಕೆ, ವ್ಯಂಜನಕ್ಕಿಂತ ಮೊದಲು ಬರುತ್ತದೆ: ಕ, ಹಲಂತ, ನ, ನ, ಡ. ಬೆರಳಿಗೆ ಮುಂಚಿತವಾಗಿಯೇ ‘ಇಲ್ಲೊಂದು ಒತ್ತಕ್ಷರ ಬರುತ್ತಿದೆ’ ಎಂಬ ಸೂಚನೆ ಸಿಕ್ಕಂತೆ. ಆದ್ದರಿಂದ 3221, 3240, 3277, 3240, 3233 ಎಂಬ ಸಾಲು ದುಭಾಷಿಯ ಕೈಯಲ್ಲಿ 10245, 10248, 10269, 10269, 10283 ಆಗಬೇಕು. ಒಂದು ಚಿಹ್ನೆ ಜಾಗ ಬದಲಿಸದಿದ್ದರೆ ಕನ್ನಡ ಕನ್ನಡವಾಗಿ ಉಳಿಯದು.

ಇಂಗ್ಲಿಷಿನ ಕಷ್ಟ ಬೇರೆ ಬಗೆಯದು. ಜಾಗ ಉಳಿಸಲು ಅಲ್ಲಿ ಪದಗಳಿಗೆ ಹ್ರಸ್ವರೂಪಗಳಿವೆ. ಮೂರು ಅಕ್ಷರದ ‘ದಿ’ ಎಂಬ ಪದಕ್ಕೆ 2, 3, 4, 6 ಚುಕ್ಕೆಗಳ ಒಂದೇ ಮನೆ ಸಾಕು. ಕನ್ನಡದಲ್ಲಿ ಅದೇ ಮನೆ ‘ಧ’. ಹೀಗಾಗಿ, ಓದುತ್ತಿರುವುದು ಯಾವ ಭಾಷೆ ಎಂಬುದನ್ನು ದುಭಾಷಿಗೆ ಮೊದಲೇ ತಿಳಿಸಬೇಕು. ಇಂಗ್ಲಿಷ್ ನಿಯಮಪಟ್ಟಿ ಇಟ್ಟುಕೊಂಡು ಕನ್ನಡ ಓದಿಸಲು ಹೋದರೆ ನಡೆಯದು.

ಬಟ್ಟೆ ಕನ್ನಡ, ಮೈ ಇಂಗ್ಲಿಷ್

ಈಗ ಮೊದಲಿನ ಹುಡುಗಿಯ ಪ್ರಶ್ನೆಪತ್ರಿಕೆಗೆ ಮರಳಬಹುದು. ಕನ್ನಡ ಡಿಟಿಪಿ ಬೆಳೆದ ಕಾಲದಲ್ಲಿ ಯೂನಿಕೋಡ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಆಗಿನ ಅಕ್ಷರಶೈಲಿಗಳು, ಅಂದರೆ ಫಾಂಟುಗಳು, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕೆಲವು ಅಕ್ಷರಗಳನ್ನಂತೂ ಒಡಲು ಒಂದು ಕಡೆ, ಕೊಂಬು ಇನ್ನೊಂದು ಕಡೆ ಎಂದು ತುಂಡು ಮಾಡಿ ಇಟ್ಟಿದ್ದವು. ತೆರೆಯ ಮೇಲೆ, ಕಾಗದದ ಮೇಲೆ ಅದು ಸುಂದರ ಕನ್ನಡವಾಗಿಯೇ ಕಾಣುತ್ತದೆ. ಆದರೆ ಕಂಪ್ಯೂಟರಿನ ನೆನಪಿನಲ್ಲಿ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು. ಮೈ ಮೇಲಿನ ಬಟ್ಟೆ ಮಾತ್ರ ಕನ್ನಡದ್ದು.

ಕಣ್ಣು ಬಟ್ಟೆಯನ್ನು ನೋಡುತ್ತದೆ. ದುಭಾಷಿ ತಂತ್ರಾಂಶ ನೋಡುವುದು ಸಂಖ್ಯೆಯನ್ನು. ಯಾವ ಆಕಾರ ಕಾಣುತ್ತಿದೆ ಎಂಬುದು ಅದಕ್ಕೆ ಬೇಕಿಲ್ಲ. ಇಂಗ್ಲಿಷಿನ ಸಂಖ್ಯೆ ಸಿಕ್ಕಿದರೆ ಇಂಗ್ಲಿಷಿನ ಚುಕ್ಕೆಗಳನ್ನೇ ಎತ್ತುತ್ತದೆ. ಪ್ರಶ್ನೆಪತ್ರಿಕೆ ತಲೆಬುಡವಿಲ್ಲದಂತೆ ಬಂದದ್ದು ಹೀಗೆ. ಟಿಪ್ಪಣಿಯನ್ನು ಬೆರಳಚ್ಚು ಮಾಡಿದವರು ಯೂನಿಕೋಡ್ ಬಳಸಿದ್ದರು; ಪ್ರಶ್ನೆಪತ್ರಿಕೆ ಮಾಡಿದವರು ಹಳೆಯ ಫಾಂಟಿನಲ್ಲೇ ಉಳಿದಿದ್ದರು. ಯಾರಿಗೂ ಕೆಡುಕು ಮಾಡುವ ಮನಸ್ಸಿರಲಿಲ್ಲ. ಆದರೂ ಒಂದು ಮಗುವಿನ ಓದು ನಿಂತಿತು.

ಹಾಳೆಯ ಫೋಟೊ ತೆಗೆದು ಕಳಿಸುವುದು ಇದಕ್ಕಿಂತ ಹೆಚ್ಚು ತೊಂದರೆ. ಅದರಲ್ಲಿ ಅಕ್ಷರಗಳೇ ಇಲ್ಲ, ಬರೀ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳಿವೆ, ನಿಜ. ಅವು ಒತ್ತಕ್ಷರಗಳಲ್ಲಿ ಎಡವುವುದುಂಟು. ಕಣ್ಣಿದ್ದವರು ತಪ್ಪನ್ನು ಮೂಲದೊಂದಿಗೆ ಹೋಲಿಸಿ ತಿದ್ದಿಕೊಳ್ಳಬಹುದು. ಕಾಣದವರು ಯಾವುದರೊಂದಿಗೆ ಹೋಲಿಸಬೇಕು? ಬ್ರೈಲ್ ಯೂನಿಕೋಡ್ ಚುಕ್ಕೆಗಳನ್ನು ಜೋಡಿಸಿ ಹೂವು, ಬೆಕ್ಕು ಎಂದು ಚಿತ್ರ ಬರೆದು ಸಂದೇಶ ಕಳಿಸುವ ಹವ್ಯಾಸವೂ ಕೆಲವರಲ್ಲಿದೆ. ಕಣ್ಣಿಗೆ ಅದು ಬೆಕ್ಕು, ಬ್ರೈಲ್ ಓದುವವರಿಗೆ ಅದು ಸಾಲುಸಾಲು ಅರ್ಥವಿಲ್ಲದ ಅಕ್ಷರ.

ಮಾಡಬಹುದಾದದ್ದು

ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಡ. ಈಗಿನ ಮೊಬೈಲುಗಳಲ್ಲಿ ಕನ್ನಡ ಕೀಲಿಮಣೆಯಿಂದ ಬರೆಯುವುದೆಲ್ಲ ಯೂನಿಕೋಡೇ. ಕಂಪ್ಯೂಟರಿನಲ್ಲೂ ಕನ್ನಡದ ಯೂನಿಕೋಡ್ ಕೀಲಿಮಣೆ, ಫಾಂಟುಗಳು ಸುಲಭವಾಗಿ ಸಿಗುತ್ತವೆ. ಹಳೆಯ ಫಾಂಟಿನಲ್ಲಿ ಮಾಡಿಟ್ಟ ಟಿಪ್ಪಣಿಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳೂ ಇವೆ. ಬದಲಾಯಿಸಿದ ಮೇಲೆ ಯಾರಾದರೂ ಒಮ್ಮೆ ಓದಿ ತಿದ್ದಿದರೆ ಸಾಕು. ಪಿಡಿಎಫ್ ಕಳಿಸುವಾಗ ಜೊತೆಯಲ್ಲಿ ಬೆರಳಚ್ಚು ಮಾಡಿದ ಮೂಲ ಕಡತವನ್ನೂ ಕಳಿಸುವುದು ಒಳ್ಳೆಯದು. ಏಕೆಂದರೆ ಪಿಡಿಎಫ್ ಆಗುವಾಗ ಕನ್ನಡದ ಒತ್ತು, ಕೊಂಬುಗಳ ಕ್ರಮ ತಪ್ಪಿಹೋಗುವುದುಂಟು.

ಕಡತ ಸರಿಯಾಗಿದೆಯೇ ಎಂದು ತಿಳಿಯಲು ಒಂದು ನಿಮಿಷದ ಪರೀಕ್ಷೆ ಇದೆ. ಕಡತ ತೆರೆದು, ಅದರಲ್ಲಿ ಇರುವುದು ಗೊತ್ತಿರುವ ಒಂದು ಪದವನ್ನು, ‘ಕನ್ನಡ’ ಎಂದೇ ಇರಲಿ, ಮೊಬೈಲಿನ ಕೀಲಿಮಣೆಯಿಂದ ಬರೆದು ಹುಡುಕಬೇಕು. ಸಿಕ್ಕಿದರೆ ಅಕ್ಷರಗಳು ಬಹುಮಟ್ಟಿಗೆ ಸರಿಯಾದ ಸಂಖ್ಯೆಯಲ್ಲೇ ಇವೆ ಎಂದು ತಿಳಿಯಬಹುದು. ಕಣ್ಣೆದುರಿಗೇ ಇರುವ ಪದ ಹುಡುಕಿದರೆ ಸಿಗುತ್ತಿಲ್ಲ ಎಂದರೆ ಅದು ಬಟ್ಟೆ ತೊಟ್ಟ ಇಂಗ್ಲಿಷೋ ಬರೀ ಚಿತ್ರವೋ ಆಗಿರುವ ಸಂಭವವೇ ಹೆಚ್ಚು.

ಪ್ರಶ್ನೆಪತ್ರಿಕೆ ಕಳಿಸುವ ಮೊದಲು ಶಾಲೆಯಲ್ಲಿ ಯಾರಾದರೂ ಈ ಒಂದು ನಿಮಿಷ ಕೊಟ್ಟರೆ ಆ ಹುಡುಗಿಯೂ ಉಳಿದ ಮಕ್ಕಳೊಂದಿಗೆ ಅದೇ ಸಂಜೆ ಮೊದಲನೇ ಪ್ರಶ್ನೆಗೆ ಉತ್ತರ ಬರೆಯಲು ಕೂರಬಹುದು.